ಎಡಗಿವಿಯ ಕೆಳಗಿನ ಚುಕ್ಕೆ

ನನ್ನ ತಂಗಿ ತೆಸ್ಸಾಳ ಮುಖವನ್ನು ನಮ್ಮೂರಿನ ಬೆಳ್ಳಿ ನಾಣ್ಯಕ್ಕೆ ಇಳಿಸಿದವನು ನಾನೇ. ಟಂಕಸಾಲೆಯಲ್ಲಿ ಅಚ್ಚು ಕೊರೆಯುವುದು ನನ್ನ ಕೆಲಸ. ನಮ್ಮಪ್ಪನದೂ ಅದೇ ಆಗಿತ್ತು. ಚೀಟಿಯಲ್ಲಿ ಅವಳ ಹೆಸರು ಬಂದಿದೆಯೆಂದು ಹೇಳಲು ನಾನು ಹೋದಾಗ ತೆಸ್ಸಾ ರೊಟ್ಟಿಯೊಲೆಯ ಮುಂದೆ ನಿಂತು ಹಲಗೆಗೆ ಅಂಟಿದ ಹಿಟ್ಟು ಕೆರೆಯುತ್ತಿದ್ದಳು. ಹಲಗೆಯನ್ನು ಪೂರ್ತಿ ಕೆರೆದು ಮುಗಿಸಿದಳು. ಆಮೇಲೆ, "ಮೂಗು ಇರೋದಕ್ಕಿಂತ ಒಂಚೂರು ಚಿಕ್ಕದು ಮಾಡಣ್ಣ," ಅಂದಳು. ಹಿಟ್ಟಿನ ಮೂಟೆಯ ಮೇಲೆ ಕೂತಿದ್ದ ಅವಳ ಗಂಡ ನೆರಿ ನಕ್ಕುಬಿಟ್ಟ. "ಅದೊಂದು ಮಾಡಬೇಡಿ ಭಾವ. ಆ ಮೂಗು ನೋಡಿಯೇ ನಾನು ಈ ಅಂಗಡಿಗೆ ಬರೋಕೆ ಶುರು ಮಾಡಿದ್ದು."

ನಮ್ಮೂರು ಉಪ್ಪುನೀರಿನ ನಡುವೆ ನಿಂತ ಊರು. ಬೀದಿಗಳಿಗಿಂತ ಕಾಲುವೆಗಳೇ ಹೆಚ್ಚು. ನಮ್ಮ ನಾಣ್ಯ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಎಲೆಯಷ್ಟು ತೆಳು. ಒಂದು ಕಡೆ ಶಿಲುಬೆ, ಅದರ ಸುತ್ತ ಅಕ್ಷರಗಳ ಬಳೆ, ಅಕ್ಷರಗಳ ಸುತ್ತ ಮುತ್ತು ಪೋಣಿಸಿದ ಹಾಗೆ ಚುಕ್ಕೆಗಳು. ಇನ್ನೊಂದು ಕಡೆ ಊರು ಕಾಯುವ ಸಂತರು, ನೇರ ನಮ್ಮನ್ನೇ ನೋಡುತ್ತಿರುವಂತೆ. ಆ ಸಂತರು ಗಂಡೋ ಹೆಣ್ಣೋ ಎಂಬುದು ಈಗ ಯಾರಿಗೂ ನೆನಪಿಲ್ಲ. ಹಾಗಾಗಿ ಊರಿಗೆ ಹೊಸ ಮುಖ್ಯಸ್ಥರು ಬಂದಾಗಲೆಲ್ಲ ಎಲ್ಲರ ಹೆಸರನ್ನೂ ಒಂದು ಹರಿವಾಣಕ್ಕೆ ಹಾಕಿ ಚೀಟಿ ಎತ್ತುತ್ತಾರೆ. ಯಾರ ಹೆಸರು ಬಂದಿತೋ ಅವರ ಮುಖವೇ ಸಂತರ ಮುಖ. ನಮ್ಮಜ್ಜನ ಕಾಲದಲ್ಲಿ ನಾಣ್ಯದ ಮೇಲೆ ಲಿಲಿ ಹೂವಿತ್ತಂತೆ. ಆಗ ಸಂತೆಯ ದಿನ ಮಧ್ಯಾಹ್ನವಾಗುವಷ್ಟರಲ್ಲಿ ಊರಿನ ಲಿಲಿಗಳೆಲ್ಲ ಬಾಡಿಬಿಡುತ್ತಿದ್ದವಂತೆ. ಹೂವಿಗೆ ಹೇಳಿಕೊಳ್ಳಲು ಬಾಯಿಲ್ಲ, ಮನುಷ್ಯರಾದರೆ ಹೇಗೋ ತಡೆದುಕೊಳ್ಳುತ್ತಾರೆ ಎಂದು ಹಿರಿಯರು ಹೂವು ಬಿಟ್ಟು ಮುಖ ಹಿಡಿದರು.

ಮುಖ ಕೊಟ್ಟವರಿಗೆ ನಾಣ್ಯ ಮುಟ್ಟಿದವರ ಬೆರಳು ತಿಳಿಯುತ್ತದೆ. ಊರಿನ ಬೆರಳಾದರೂ ಸರಿ, ಹಡಗಿನಲ್ಲಿ ಆರು ತಿಂಗಳ ದಾರಿಯಾಚೆಯ ಬೆರಳಾದರೂ ಸರಿ. ತೆಸ್ಸಾಳಿಗಿಂತ ಹಿಂದಿನ ಮುಖ ಹಗ್ಗ ಹೊಸೆಯುವ ಓರ್ಸಜ್ಜನದು. ಅವಳಿಗೆ ಧೈರ್ಯ ಹೇಳಲೆಂದು ಅವನೇ ಕೋಲೂರಿಕೊಂಡು ಬಂದ.

"ಮೊದಲ ತಿಂಗಳು ಮುಖದ ಮೇಲೆ ಇರುವೆ ಹರಿದಂಗಿರುತ್ತೆ ಮಗಳೇ. ಆಮೇಲೆ ಮಳೆ ಬಿದ್ದಂಗೆ. ರೂಢಿಯಾಗಿಬಿಡುತ್ತೆ."

"ಈಗ ನಿಮಗೆ ಹೇಗಿದೆ ಅಜ್ಜ?"

"ಈಗ ಏನಿದೆ. ನನ್ನ ನಾಣ್ಯ ಹೆಚ್ಚುಕಮ್ಮಿ ಎಲ್ಲ ಕರಗಿಸಿಬಿಟ್ರು. ದಿನಕ್ಕೆ ಇಬ್ಬರೋ ಮೂವರೋ ಮುಟ್ತಾರೆ. ಎಲ್ಲೋ ಒಬ್ಬಳು ಮುದುಕಿ ಶುಕ್ರವಾರ ಶುಕ್ರವಾರ ನನ್ನನ್ನ ಪೆಟ್ಟಿಗೆಯಿಂದ ತೆಗೆದು ಒರೆಸಿ ಇಡ್ತಾಳೆ. ಬಟ್ಟೆ ಮೆತ್ತಗಿದೆ." ಓರ್ಸಜ್ಜ ತನ್ನ ಕೆನ್ನೆಯನ್ನು ಸವರಿಕೊಂಡ. "ಮುದುಕಿ ಅಂತ ನಾನು ಅಂದ್ಕೊಂಡಿರೋದು."

ಅಚ್ಚು ಕೊರೆಯಲು ನನಗೆ ಹನ್ನೊಂದು ದಿನ ಹಿಡಿಯಿತು. ಉಕ್ಕಿನ ಮೇಲೆ ಎಲ್ಲವೂ ತಿರುಗಾಮುರುಗಾ. ಎಡ ಬಲವಾಗಬೇಕು, ಉಬ್ಬಿದ್ದು ತಗ್ಗಾಗಬೇಕು. ಚಂದ್ರನ ಚೂರಿನಂಥ ಮೊನೆಯ ಉಳಿಯಿಂದ ಕೂದಲು, ದುಂಡು ಮೊನೆಯಿಂದ ಕಣ್ಣು. ಮೂಗನ್ನು ಇದ್ದ ಹಾಗೆಯೇ ಬಿಟ್ಟೆ. ಕೊರೆದವನ ಗುರುತಿಗಾಗಿ ಅಚ್ಚಿನಲ್ಲಿ ಎಲ್ಲಾದರೂ ಒಂದು ಗುಟ್ಟಿನ ಚುಕ್ಕೆ ಇಡುವುದು ನಮ್ಮ ರೂಢಿ. ತೆಸ್ಸಾಳ ಎಡಗಿವಿಯ ಕೆಳಗೆ ಒಲೆಯ ಕಿಡಿ ಸಿಡಿದು ಆದ ಒಂದು ಕಲೆಯಿತ್ತು. ನನ್ನ ಚುಕ್ಕೆಯನ್ನು ಅಲ್ಲೇ ಇಟ್ಟೆ.

ಮೊದಲ ವಾರ ಅವಳು ಮುಖಕ್ಕೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ಆಮೇಲೆ ಎದ್ದು ಒಲೆ ಹಚ್ಚಿದಳು. ಊರೂ ಹೊಂದಿಕೊಂಡಿತು, ಪ್ರತಿ ಸಲ ಹೊಂದಿಕೊಳ್ಳುವ ಹಾಗೆ. ಮೀನು ಮಾರುವ ಬೆರ್ತಾ ಕೈಯನ್ನು ಸೆರಗಿಗೆ ಒರೆಸಿಯೇ ನಾಣ್ಯ ತೆಗೆದುಕೊಳ್ಳುತ್ತಿದ್ದಳು. ತಿಳಿದವರು ಅಂಚು ಹಿಡಿದು ಎಣಿಸುತ್ತಿದ್ದರು. ಪರವೂರಿನ ಯಾರಾದರೂ ಬೆಳ್ಳಿ ಖರೆಯೋ ಸುಳ್ಳೋ ಎಂದು ನಾಣ್ಯ ಕಚ್ಚಿ ನೋಡಿದಾಗ ತೆಸ್ಸಾ ಹಿಟ್ಟು ನಾದುತ್ತಲೇ "ಹಾ" ಎಂದು ಮುಖ ಹಿಂಡಿಕೊಳ್ಳುತ್ತಿದ್ದಳು. ಅಂಗಡಿಯ ಮುಂದೆ ನಿಂತವರು ಬೇರೆ ಕಡೆ ನೋಡುತ್ತಿದ್ದರು. ಕೆಲವೊಮ್ಮೆ ಅವಳು ಇದ್ದಕ್ಕಿದ್ದಂತೆ, "ಎಲ್ಲೋ ಹಿಮ ಬೀಳ್ತಿದೆ ಅಣ್ಣ, ಬೆರಳು ಎಷ್ಟು ತಣ್ಣಗಿದೆ," ಅನ್ನುತ್ತಿದ್ದಳು. ಅವಳು ನಮ್ಮೂರಿನ ಸೇತುವೆಯಾಚೆ ಎಂದೂ ಹೋದವಳಲ್ಲ.

ನೆರಿ ಹಡಗಿನ ಬಡಗಿ. ಎರಡನೆಯ ವಸಂತದಲ್ಲಿ ದೂರ ಹೋಗುವ ಹಡಗೊಂದರಲ್ಲಿ ಕೆಲಸಕ್ಕೆ ಹೊರಟ. ಹೊರಡುವ ಮೊದಲು ತೆಸ್ಸಾಳ ಜೊತೆ ಟಂಕಸಾಲೆಗೆ ಬಂದು ಹೊಸದಾಗಿ ಹೊಡೆದ ಒಂದು ನಾಣ್ಯ ಆರಿಸಿಕೊಂಡ. "ದಿನಾ ಬೆಳಗ್ಗೆ ಸೂರ್ಯ ಹುಟ್ಟೋ ಹೊತ್ತಿಗೆ ಈ ಚುಕ್ಕೆ ಮೇಲೆ ಮೂರು ಸಲ ಒತ್ತುತೀನಿ. ಬದುಕಿದೀನಿ ಅಂತ ಗೊತ್ತಾಗಲಿ," ಅಂದ. ಅಷ್ಟು ಬೆರಳುಗಳ ನಡುವೆ ಅವನದು ತಿಳಿದೀತೇ ಎಂದು ನಾನು ಕೇಳಿದೆ. ತೆಸ್ಸಾ ನನ್ನನ್ನು ನೋಡಿದ ರೀತಿಗೆ ನಾನು ಮತ್ತೆ ಕೇಳಲಿಲ್ಲ.

ಅಂದಿನಿಂದ ಅಂಗಡಿಯಲ್ಲಿ ಒಂದು ಹೊಸ ಕ್ರಮ ಶುರುವಾಯಿತು. ಮೊದಲ ರೊಟ್ಟಿಗಳು ಒಲೆಯಿಂದ ಹೊರಬರುವ ಹೊತ್ತಿಗೆ ತೆಸ್ಸಾ ಮರದ ಮೊಗಚುಗೋಲು ಹಿಡಿದು ಹಾಗೆಯೇ ನಿಂತುಬಿಡುತ್ತಿದ್ದಳು. ತಲೆ ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ಕಣ್ಣು ಮುಚ್ಚಿರುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ಮಾತು ನಿಲ್ಲಿಸುತ್ತಿದ್ದರು. ಒಂದು, ಎರಡು, ಮೂರು. ಆಮೇಲೆ ಅವಳು ಉಸಿರು ಬಿಟ್ಟು, "ಯಾರಿಗೆ ಎಷ್ಟು?" ಎಂದು ಕೇಳುತ್ತಿದ್ದಳು.

ಮರುವರ್ಷ ಸುದ್ದಿ ಬಂತು. ಆ ಹಡಗು ಯಾವುದೋ ಮರಳುದಿಣ್ಣೆಗೆ ಬಡಿದು ಒಡೆದಿದೆ, ಯಾರೂ ಉಳಿದಿಲ್ಲ ಎಂದು. ಬಂದರಿನ ಮನೆಗಳಲ್ಲೆಲ್ಲ ಕಪ್ಪು ಬಟ್ಟೆ ಉಟ್ಟರು. ತೆಸ್ಸಾ ಉಡಲಿಲ್ಲ. "ಇವತ್ತು ಬೆಳಗ್ಗೆಯೂ ಒತ್ತಿದಾನೆ," ಅಂದಳು. ನಮ್ಮೂರಿನಲ್ಲಿ ಅದಕ್ಕೆ ಎದುರು ಹೇಳುವವರಿರಲಿಲ್ಲ. ಉಳಿದ ವಿಧವೆಯರು ಅವಳ ಅಂಗಡಿಗೆ ಬಂದು ಕೂರುತ್ತಿದ್ದರು, ಆ ಹೊತ್ತಿನಲ್ಲಿ ಅವಳ ಪಕ್ಕದಲ್ಲಿ ಇದ್ದರೆ ಸಾಕು ಎನ್ನುವ ಹಾಗೆ.

ಆ ಚಳಿಗಾಲದಲ್ಲೇ ಒಂದು ದಿನ ಅವಳು ನನಗೆ ಹೇಳಿದಳು, "ಅವನ ಹೆಬ್ಬೆರಳು ಒರಟಾಗಿದೆ ಅಣ್ಣ. ಉಪ್ಪು ತಿಂದ ಹಗ್ಗದ ಹಾಗೆ. ಏನೋ ಕಷ್ಟದ ಕೆಲಸ ಮಾಡ್ತಿರಬೇಕು." ಬಡಗಿಯ ಹೆಬ್ಬೆರಳು ಎಲ್ಲಿ ಒರಟಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದು ಕೈಕೆಲಸದವನಾದ ನನಗೆ ಗೊತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. "ಇರಬಹುದು," ಅಂದೆ. ಹೇಳದೆ ಬಿಟ್ಟ ಆ ಮಾತು ಐದು ವರ್ಷ ನನ್ನಲ್ಲೇ ಉಳಿಯಿತು.

ಅದಾದ ಐದನೆಯ ವರ್ಷದ ಚಳಿಯಲ್ಲಿ ಮೂರು ದಿನ ಬೆರಳು ಬರಲಿಲ್ಲ. ಮೊದಲ ದಿನ ತೆಸ್ಸಾ ರೊಟ್ಟಿ ಸೀದುಹೋಗುವವರೆಗೆ ನಿಂತೇ ಇದ್ದಳು. ಎರಡನೆಯ ದಿನ ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ಬೆರ್ತಾ ಅವಳ ಜೊತೆ ಮಲಗಲು ಹೋದಳು. ನಾಲ್ಕನೆಯ ಬೆಳಗ್ಗೆ ಬಂತು, ಬಹಳ ಮೆಲ್ಲಗೆ. ತೆಸ್ಸಾ ಒಲೆ ಹಚ್ಚಿದಳು, ಆದರೆ ಅವಳ ಕಣ್ಣಲ್ಲಿ ಮೊದಲಿದ್ದ ನೆಮ್ಮದಿ ಮತ್ತೆ ಕಾಣಲಿಲ್ಲ.

ಚಳಿ ಕಳೆದ ಮೇಲೆ ಒಂದು ಬೆಳಗ್ಗೆ ರೊಟ್ಟಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಪರಿಚಿತ ನಿಂತಿದ್ದ. ಅರವತ್ತರ ಆಸುಪಾಸು, ಬಿಸಿಲಿಗೆ ಸುಟ್ಟ ಕುತ್ತಿಗೆ, ಕಾಲಿಗೆ ಒಣಹುಲ್ಲಿನ ಚಪ್ಪಲಿ. ತೆಸ್ಸಾ ಕಣ್ಣು ಮುಚ್ಚಿ ತಲೆ ವಾಲಿಸಿದಳು. ಎಲ್ಲರೂ ಸುಮ್ಮನಾದರು. ಆ ಮನುಷ್ಯನೂ ಕಣ್ಣು ಮುಚ್ಚಿದ. ಅವನ ಬಲಗೈ ಸೊಂಟದ ಚೀಲದಿಂದ ಹೊರಬಂದಿತ್ತು. ಅಂಗೈಯಲ್ಲಿ ಬೆಳ್ಳಿಯ ಹೊಳಪು. ಅವನ ಹೆಬ್ಬೆರಳು ಒಮ್ಮೆ ಒತ್ತಿತು, ತೆಸ್ಸಾಳ ಹೆಗಲು ಒಮ್ಮೆ ಸಡಿಲಾಯಿತು. ಮತ್ತೆ ಒತ್ತಿತು, ಮತ್ತೆ ಸಡಿಲಾಯಿತು. ಮೂರನೆಯದನ್ನು ನಾನು ನೋಡಲಾರದೆ ನೆಲ ನೋಡಿದೆ.

"ಯಾರಿಗೆ ಎಷ್ಟು?" ಎಂದು ತೆಸ್ಸಾ ಕೇಳಿದಳು. ಆ ಮನುಷ್ಯ ಕಣ್ಣು ತೆರೆದು ಸುತ್ತ ನೋಡಿದಾಗ ನನ್ನ ಕಣ್ಣಿಗೆ ಸಿಕ್ಕಿಬಿದ್ದ. ರೊಟ್ಟಿ ಕೊಳ್ಳದೆ ಸಾಲು ಬಿಟ್ಟು ನಡೆದ. ನಾನೂ ಹಿಂದೆಯೇ ಹೋದೆ. ಕಾಲುವೆಯ ಮೆಟ್ಟಿಲ ಬಳಿ ಅವನೇ ನಿಂತ.

"ನೀವು ಲಾಪೊ ಅಲ್ವಾ? ಅವಳಣ್ಣ. ಅವನು ನಿಮ್ಮ ವಿಷಯ ಹೇಳಿದ್ದ."

ಅವನ ಹೆಸರು ಸಾಲ್ವೊ. ದೂರದ ಒಂದು ದ್ವೀಪದಲ್ಲಿ ಉಪ್ಪಿನಗದ್ದೆ ಕಾಯುವವನು. ಹಡಗು ಒಡೆದ ಮೇಲೆ ನೆರಿ ಅವನ ಗುಡಿಸಲ ಮುಂದಿನ ದಡಕ್ಕೆ ಬಂದು ಬಿದ್ದಿದ್ದ. ಜ್ವರದಲ್ಲಿ ಹನ್ನೆರಡು ದಿನ ಬದುಕಿದ್ದ.

"ದಿನಾ ಬೆಳಗ್ಗೆ ಈ ನಾಣ್ಯ ಒತ್ತೋನು. ಹೆಂಡ್ತಿ ಮುಖ ಅಂದ. ಜ್ವರಕ್ಕೆ ಹಂಗೆ ಮಾತಾಡ್ತಾನೆ ಅಂದ್ಕೊಂಡೆ. ಕೊನೆ ಎರಡು ದಿನ ಕೈ ಎತ್ತೋಕೆ ಆಗ್ಲಿಲ್ಲ. ನಂಗೆ ಚೈತನ್ಯ ಬರೋತನಕ ನೀನು ಒತ್ತು ಅಂದ. ಒತ್ತಿದೆ. ಆಮೇಲೆ ಹೋಗಿಬಿಟ್ಟ." ಸಾಲ್ವೊ ನೀರನ್ನೇ ನೋಡುತ್ತಿದ್ದ. "ಮಾರನೇ ಬೆಳಗ್ಗೆ ನಾಣ್ಯ ಕೈಲಿ ಹಿಡಿದು ಕೂತೆ. ಒತ್ತದೇ ಇದ್ರೆ, ಅವಳಿಗೆ ನಾನೇ ಸುದ್ದಿ ಹೇಳ್ದಂಗಾಗ್ತಿತ್ತು. ಅಷ್ಟು ಧೈರ್ಯ ನಂಗಿರ್ಲಿಲ್ಲ. ಇವತ್ತೊಂದಿನ ಅಂತ ಒತ್ತಿದೆ. ನಾಳೆನೂ ಅದೇ ಕಥೆ. ಹಿಂಗೇ ಐದು ವರ್ಷ ಆಯ್ತು."

"ಈಗ ಯಾಕೆ ಬಂದಿರಿ?"

"ಈ ಚಳೀಲಿ ಕಾಯಿಲೆ ಬಿದ್ದೆ. ಮೂರು ದಿನ ಏಳ್ಲಿಲ್ಲ. ಎದ್ದ ಮೇಲೆ ಅನ್ನಿಸ್ತು, ಒಂದಿನ ನಾನು ಸಾಯ್ತೀನಿ, ಆಗ ಅವಳಿಗೆ ಅವನು ಸತ್ತ ಅಂತ ತಿಳಿಯುತ್ತೆ. ಅದು ಸರಿಯಲ್ಲ ಅಲ್ವಾ. ಒಬ್ಬರ ಸಾವು ಇನ್ನೊಬ್ಬರ ಲೆಕ್ಕಕ್ಕೆ ಹೋಗಬಾರದು."

ಅವನು ನಾಣ್ಯವನ್ನು ನನ್ನ ಕೈಗಿಟ್ಟ. "ಸಾಲಲ್ಲಿ ನಿಂತು ಅವಳ ಮುಖ ನೋಡಿದ ಮೇಲೆ ನಂಗೆ ಹೇಳೋಕೆ ಬಾಯಿ ಬರಲಿಲ್ಲ. ನೀವು ಒಡಹುಟ್ಟಿದವರು. ಹೇಳೋದಾದ್ರೆ ಹೇಳಿ. ಹೇಳಲ್ಲ ಅಂದ್ರೆ ನಾಳೆಯಿಂದ ನೀವೇ ಒತ್ತಿ. ನನ್ನ ಕೈಲಿ ಇನ್ನು ಆಗಲ್ಲ."

ಅವನನ್ನು ಬಂದರಿನ ಛತ್ರದಲ್ಲಿ ಉಳಿಸಿ ನಾನು ಟಂಕಸಾಲೆಗೆ ಹೋದೆ. ಕಿಟಕಿಯ ಬೆಳಕಿಗೆ ನಾಣ್ಯ ಹಿಡಿದು ನೋಡಿದೆ. ಕೂದಲು, ಕಣ್ಣು, ಮೂಗು ಎಲ್ಲ ನಾನು ಕೊರೆದಂತೆಯೇ ಚೂಪಾಗಿದ್ದವು. ಎಡಗಿವಿಯ ಕೆಳಗೆ ಮಾತ್ರ ಚುಕ್ಕೆಯಿರಲಿಲ್ಲ. ಅಲ್ಲಿ ನುಣುಪಾದ ಒಂದು ಸಣ್ಣ ತಗ್ಗು ಬಿದ್ದಿತ್ತು, ಹೊಳೆಯ ಕಲ್ಲಿನ ಮೇಲೆ ಬಿದ್ದಿರುವಂಥದು. ಬೆಳ್ಳಿಯನ್ನು ಬೆರಳು ಅಷ್ಟು ಸವೆಸಬೇಕಾದರೆ ಎಷ್ಟು ಬೆಳಗು ಬೇಕು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೇಳಬೇಕು ಎಂದುಕೊಂಡೆ. ಹೇಳುವುದು ಬೇಡ ಎಂದುಕೊಂಡೆ. ಅವಳು ಹೇಗೋ ಬದುಕುತ್ತಿದ್ದಾಳೆ, ದಿನಕ್ಕೆ ಮೂರು ಸಲ ಒತ್ತಿದರೆ ನನ್ನ ಗಂಟೇನು ಹೋದೀತು ಎಂದುಕೊಂಡೆ.

ಮಾರನೆಯ ಬೆಳಗ್ಗೆ ಸಾಲಿನ ಕೊನೆಯಲ್ಲಿ ನಿಂತೆ. ನಾಣ್ಯ ಅಂಗಿಯ ತೋಳಿನೊಳಗೆ ಮುಷ್ಟಿಯಲ್ಲಿತ್ತು. ತೆಸ್ಸಾ ಮೊಗಚುಗೋಲು ಹಿಡಿದು ನಿಂತಳು. ತಲೆ ವಾಲಿತು. ಎಲ್ಲರೂ ಸುಮ್ಮನಾದರು. ನಾನು ಒಮ್ಮೆ ಒತ್ತಿದೆ.

ಅವಳು ಕಣ್ಣು ತೆರೆದಳು. ಸಾಲಿನಲ್ಲಿದ್ದ ಇಪ್ಪತ್ತು ಮುಖಗಳನ್ನು ದಾಟಿ ನೇರ ನನ್ನನ್ನೇ ನೋಡಿದಳು. ನನ್ನ ಬೆರಳು ಅಲ್ಲೇ ನಿಂತುಹೋಯಿತು. ಎರಡನೆಯ ಸಲ ಒತ್ತಲೂ ಇಲ್ಲ, ತೆಗೆಯಲೂ ಇಲ್ಲ. ಅವಳು ಮೊಗಚುಗೋಲನ್ನು ಗೋಡೆಗೆ ಒರಗಿಸಿ, "ಆಗಿರೋ ರೊಟ್ಟಿ ತಗೊಂಡು ಹೋಗಿ. ಇವತ್ತು ಇನ್ನೊಂದು ಸುತ್ತು ಇಲ್ಲ," ಎಂದಳು. ಜನ ಸದ್ದಿಲ್ಲದೆ ಚದುರಿದರು. ಮೀನಿನ ಬುಟ್ಟಿ ಹಿಡಿದಿದ್ದ ಬೆರ್ತಾ ಮಾತ್ರ ಬಾಗಿಲ ಹೊರಗೆ ನಿಂತಳು.

"ಉಳಿ ಹಿಡಿದು ಹಿಡಿದು ನಿನ್ನ ಹೆಬ್ಬೆರಳಲ್ಲಿ ಒಂದು ಗೆರೆ ಬಿದ್ದಿದೆ ಅಣ್ಣ," ತೆಸ್ಸಾ ಹೇಳಿದಳು. "ನಾನು ಸಣ್ಣವಳಿದ್ದಾಗ ನೀನು ಅದೇ ಬೆರಳಲ್ಲಿ ನನ್ನ ಕಣ್ಣು ಒರೆಸ್ತಿದ್ದೆ. ನಂಗೆ ಗೊತ್ತಾಗಲ್ವಾ?"

ನಾನು ನಾಣ್ಯವನ್ನು ಹಿಟ್ಟಿನ ಹಲಗೆಯ ಮೇಲೆ ಇಟ್ಟೆ.

"ಇದನ್ನ ತಂದವರು ಎಲ್ಲಿದ್ದಾರೆ?"

ಸಾಲ್ವೊನನ್ನು ಕರೆತಂದೆ. ಅವನು ಒಳಗೆ ಬರಲು ಹಿಂಜರಿದು ಹೊಸ್ತಿಲ ಬಳಿಯೇ ನಿಂತ. ತೆಸ್ಸಾ ಮಣೆ ತಳ್ಳಿ ಕೂರಿಸಿದಳು. ನನಗೆ ಹೇಳಿದ್ದನ್ನೇ ಅವನು ಅವಳಿಗೂ ಹೇಳಿದ, ತಡೆದು ತಡೆದು. ಮುಗಿದ ಮೇಲೆ, "ತಪ್ಪಾಯ್ತು ತಾಯಿ. ನಿಮಗೆ ಗೊತ್ತಾಗದ ಹಂಗೆ ಮಾಡಿಬಿಟ್ಟೆ," ಅಂದ.

"ಅದು ನಿಮ್ಮ ಕೈ ಅಂತ ನಂಗೆ ಗೊತ್ತಿರಲಿಲ್ಲ," ತೆಸ್ಸಾ ಹೇಳಿದಳು. "ಅವನ ಕೈ ಅಲ್ಲ ಅಂತ ಗೊತ್ತಿತ್ತು."

ನಾನು ತಲೆಯೆತ್ತಿ ಅವಳನ್ನು ನೋಡಿದೆ.

"ಮೊದಲ ದಿನವೇ ಗೊತ್ತಾಯ್ತು. ಯಾರೋ ಅವನ ಪರವಾಗಿ ಒತ್ತಿದಾರೆ, ಅವನಿಗೆ ಹುಷಾರಿಲ್ಲ ಅಂದ್ಕೊಂಡೆ. ಆಮೇಲೆ ಅವನ ಕೈಯೇ ಹಾಗಾಗಿದೆ ಅಂದ್ಕೊಂಡೆ. ದಿನಾ ಬೆಳಗ್ಗೆ ಒಂದೊಂದು ಅಂದ್ಕೋತಿದ್ದೆ." ಅವಳು ಸ್ವಲ್ಪ ತಡೆದಳು. "ಅವನು ಏನಾದ್ರೂ ಕೇಳಿದ್ನಾ? ತಿನ್ನೋಕೆ?"

"ರೊಟ್ಟಿಯ ಅಂಚು ಕೇಳ್ದ. ಸೀದಿರೋದು. ನಮ್ಮ ದ್ವೀಪದಲ್ಲಿ ಅದೆಲ್ಲಿ ಸಿಗುತ್ತೆ." ಸಾಲ್ವೊ ಯೋಚಿಸಿದ. "ನನ್ನ ಗುಡಿಸಲ ಬಾಗಿಲು ಕಿರ್ ಅಂತಿತ್ತು. ಆ ಸದ್ದಿಗೆ ನಿದ್ದೆ ಬರಲ್ಲ ಅಂತ, ಮಲಗಿದ್ದಲ್ಲಿಂದಲೇ ಹೇಳಿ ಹೇಳಿ ನನ್ನ ಕೈಲಿ ಸರಿ ಮಾಡಿಸ್ದ. ಇವತ್ತಿಗೂ ಸದ್ದಿಲ್ಲ."

ಅದನ್ನು ಕೇಳಿ ತೆಸ್ಸಾ ನಕ್ಕಳು. ನಗು ಅರ್ಧಕ್ಕೆ ನಿಂತಿತು. "ನೀವು ಐದು ವರ್ಷ ನನ್ನನ್ನ ಅಳೋಕೆ ಬಿಡಲಿಲ್ಲ," ಎಂದಳು. ಸಿಟ್ಟೇನೋ ಇತ್ತು, ಆದರೆ ಅದು ಯಾರ ಮೇಲೂ ನಿಲ್ಲಲಿಲ್ಲ. "ನಾನೂ ಅದರಿಂದ ಬಿಡಿಸಿಕೊಳ್ಳಲಿಲ್ಲ. ಅಣ್ಣ, ಈ ನಾಣ್ಯ ಕರಗಿಸಿಬಿಡು." ಮಾರನೆಯ ದಿನ ನಾನು ಹಾಗೆಯೇ ಮಾಡಿದೆ.

ಅಷ್ಟು ಹೇಳಿ ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು ಕೆನ್ನೆ, ಹಣೆ, ತುಟಿಗಳನ್ನು ನೊಣ ಓಡಿಸುವಂತೆ ಒರೆಸಿಕೊಂಡಳು. ಸಂತೆ ಶುರುವಾಗಿತ್ತು. ಮತ್ತೆ ಮುಖ ಮುಚ್ಚಿದಳು, ಮತ್ತೆ ಒರೆಸಿಕೊಂಡಳು.

"ಅಳೋಕೂ ಆಗ್ತಿಲ್ಲ ಅಣ್ಣ. ಮುಖದ ತುಂಬ ಜನ."

ಬಾಗಿಲ ಹೊರಗೆ ಬುಟ್ಟಿ ನೆಲಕ್ಕಿಟ್ಟ ಸದ್ದಾಯಿತು. ಬೆರ್ತಾ ತನ್ನ ಸೊಂಟದ ಚೀಲ ಬಿಚ್ಚಿ, ಅದರ ಬಾಯಿಗೆ ಬಲೆಯ ದಾರವನ್ನು ಸುತ್ತಿ ಸುತ್ತಿ ಗಂಟು ಹಾಕುತ್ತಿದ್ದಳು. ಗಂಟು ಬಿಗಿದು ನನ್ನತ್ತ ನೋಡಿ, "ಇವತ್ತು ಅವಳ ಮುಖ ಅವಳಿಗೇ ಇರಲಿ," ಎಂದು ಹೇಳಿ ಮೀನುಪೇಟೆಯ ಕಡೆ ಹೊರಟುಹೋದಳು.

ಅವಳು ಅಲ್ಲಿ ಏನು ಹೇಳಿದಳೋ ನಾನು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮೀನುಪೇಟೆಯ ಗದ್ದಲ ನಿಂತಿತು. ಆಮೇಲೆ ದವಸದ ಅಂಗಡಿಗಳದು, ಆಮೇಲೆ ಸೇತುವೆಯ ಮೇಲೆ ನಾಣ್ಯ ಬದಲಿಸಿಕೊಡುವವರದು. ನಾನು ಓಡಿಹೋಗಿ ಟಂಕಸಾಲೆಯ ಸುತ್ತಿಗೆಗಳನ್ನು ನಿಲ್ಲಿಸಿಬಂದೆ. ದಾರಿಯಲ್ಲಿ ನೋಡಿದರೆ ಜನ ತಮ್ಮ ತಮ್ಮ ಬಾಗಿಲಲ್ಲಿ ಕೂತಿದ್ದರು, ಕೈ ಕಟ್ಟಿಕೊಂಡು. ಹಗಲಿಡೀ ನಾಣ್ಯ ತಿರುವಿ ತಿರುವಿ ನೋಡುವ ಒಬ್ಬ ಮುದಿ ವ್ಯಾಪಾರಿ ಎರಡೂ ಅಂಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾಲುವೆಯ ನೀರು ನೋಡುತ್ತಿದ್ದ. ಓರ್ಸಜ್ಜ ಬೀದಿಯ ನಡುವೆ ನಿಂತು ಬಂದುಹೋಗುವ ಪರವೂರಿನವರಿಗೆಲ್ಲ, "ಇವತ್ತು ಚೀಲ ಬಿಚ್ಚಬೇಡಿ, ಏನು ಬೇಕೋ ತಗೊಂಡು ಹೋಗಿ," ಎಂದು ಹೇಳುತ್ತಿದ್ದ. ಅವರು ಅರ್ಥವಾಗದೆ ನಕ್ಕು, ಆಮೇಲೆ ಅವನ ಮುಖ ನೋಡಿ ತಲೆಯಾಡಿಸಿ ಹೋಗುತ್ತಿದ್ದರು. ಅಷ್ಟು ನಿಶ್ಶಬ್ದದಲ್ಲಿ ನಮ್ಮೂರಿನ ನೀರು ಕಲ್ಲಿಗೆ ತಾಕುವ ಸದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನಾನು ಮರಳಿ ಬಂದಾಗ ತೆಸ್ಸಾ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಕೇಳಿಸಿತು. ಮಧ್ಯಾಹ್ನ ಕಳೆದು, ಬಿಸಿಲು ಹಿತ್ತಲ ಗೋಡೆಯಿಂದ ಕೆಳಗಿಳಿಯುವವರೆಗೂ ಕೇಳಿಸುತ್ತಲೇ ಇತ್ತು. ದೂರದೂರುಗಳಲ್ಲಿ ಯಾರೋ ಕೆಲವರು ಆಗಲೂ ಅವಳನ್ನು ಮುಟ್ಟುತ್ತಿದ್ದಿರಬೇಕು. ಅವರಿಗೆ ಹೇಳುವವರು ಯಾರು. ಸಾಲ್ವೊ ಹಿತ್ತಲಿಗೆ ಹೋಗಿ, ಯಾರೂ ಹೇಳದಿದ್ದರೂ, ಒಲೆಗೆ ಸೌದೆ ಸೀಳತೊಡಗಿದ. ಒಂದೊಂದು ತುಂಡನ್ನೂ ಸದ್ದಾಗದಂತೆ ನೆಲಕ್ಕಿಡುತ್ತಿದ್ದ. ನಾನು ಹೊಸ್ತಿಲ ಮೇಲೆ ಕೂತಿದ್ದೆ.

ಸಂಜೆಯ ಹೊತ್ತಿಗೆ ಬಾಗಿಲು ತೆರೆಯಿತು. ತೆಸ್ಸಾ ನೇರ ಬಾವಿಕಟ್ಟೆಗೆ ಹೋಗಿ ನೀರು ಸೇದಿ, ಬೊಗಸೆ ಬೊಗಸೆ ಮುಖಕ್ಕೆ ಎರಚಿಕೊಂಡಳು. ಕಣ್ಣು ಊದಿಕೊಂಡಿದ್ದವು. ಬಾಯಿಯ ಎರಡು ಪಕ್ಕದಲ್ಲೂ ಗೆರೆಗಳಿದ್ದವು, ಹಣೆಯ ಮೇಲೂ ಇದ್ದವು. ನಾನು ಕೊರೆದ ಮುಖದಲ್ಲಿ ಅವು ಯಾವುವೂ ಇರಲಿಲ್ಲ. ಅಷ್ಟು ವರ್ಷ ದಿನಾ ನೋಡಿಯೂ ನಾನು ಅವುಗಳನ್ನು ಕಂಡಿರಲಿಲ್ಲ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹಿತ್ತಲ ಮೂಲೆಯಲ್ಲಿ ಕೊಡಲಿ ಹಿಡಿದು ನಿಂತಿದ್ದ ಸಾಲ್ವೊನನ್ನು ಬಹಳ ಹೊತ್ತು ನೋಡಿದಳು. ಅವನು ತಲೆ ತಗ್ಗಿಸಿದ.

"ಅಣ್ಣ," ಎಂದಳು, "ಅವರು ಬೆಳಗ್ಗೆಯಿಂದ ಏನಾದ್ರೂ ತಿಂದ್ರಾ ಕೇಳು."